ವಿದ್ಯುದ್ವಿತರಣೆಯಲ್ಲಿ ವೋಲ್ಟೇಜಿನ ಮಿತಿಯೂ ಗಂಗೊಳ್ಳಿಯೂ

ಕನ್ನಡನಾಡಿನ ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಜಲಪಾತಗಳಿಂದ ತೊಡಗಿ ಹೇಳುವುದು ವಾಡಿಕೆಯಾಗಿದೆ. 1902ರಲ್ಲಿ ಶಿವನಸಮುದ್ರದ ಶಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. 1948ರಲ್ಲಿ ಜೋಗದ ವಿದ್ಯುದಾಗಾರವು ಕೆಲಸಮಾಡತೊಡಗಿತು. ಈ ಕ್ರಮದಲ್ಲಿ ಉತ್ಪತ್ತಿಯ ಲೆಕ್ಕವು ದೊರೆಯುವುದೇ ಹೊರತು, ಉತ್ಪನ್ನವಾದುದು ಬಳಸುವವನ ಮನೆಗೆ ಯಾವ ಸ್ಥಿತಿಯಲ್ಲಿ ಸೇರಿತೆಂಬುದು ತಿಳಿಯದು. ಅದನ್ನು ತಿಳಿಸುವ ಪ್ರಮಾಣವು ವೋಲ್ಟೇಜು, ಎಂದರೆ ಸರಿಗೆಯಲ್ಲಿ ವಿದ್ಯುತ್ತನ್ನು ನೂಕುವ ಒತ್ತಡ.

ಶಿವನಸಮುದ್ರದಿಂದ ಗಣಿಗಳಿಗೆ ಸುಮಾರು 92 ಮೈಲಿ. ಸರಿಗೆಯ ಪ್ರತಿರೋಧದಿಂದ ಒತ್ತಡವು ದಾರಿಯುದ್ದಕ್ಕೂ ಇಳಿಯುವುದು. ಅಷ್ಟೇ ಶಕ್ತಿಯನ್ನು ಇಮ್ಮಡಿ ಒತ್ತಡದಲ್ಲಿ ಕಳುಹಿದರೆ ಪ್ರವಾಹವು ಅರ್ಧವಾಗಿ, ನಷ್ಟವು ಕಾಲುಭಾಗಕ್ಕೆ ಇಳಿಯುವುದರಿಂದ, ಅಲ್ಲಿ ಮೂವತ್ತು ಸಾವಿರಕ್ಕೆ ಕಡಮೆಯಿಲ್ಲದ ವೋಲ್ಟುಗಳನ್ನು ಬಳಸಿದರು. ಗಣಿಗೆ ಒದಗಿದ ಈ ಉಪಾಯವು ಊರಿನ ಓಣಿಗೆ ಒದಗದು. ಮನೆಗೆ ಸಲ್ಲುವುದು 230 ವೋಲ್ಟು ಮಾತ್ರ. ಆದುದರಿಂದ ವಿತರಣೆಯ ಕಡೆಯ ಹಾದಿಯಲ್ಲಿಯೇ ಇಳಿತವು ಎದ್ದು ತೋರುವುದು.

1956ರ ಭಾರತೀಯ ವಿದ್ಯುನ್ನಿಯಮಗಳ 54ನೆಯ ಸೂತ್ರವು ಇದಕ್ಕೊಂದು ಎಲ್ಲೆಯನ್ನು ಕಟ್ಟಿತು. ರೂಢಿಗೆ ಬಂದ ಪಾಠದಂತೆ, ಮನೆಯ ವೋಲ್ಟೇಜು ಘೋಷಿತಮಾನಕ್ಕಿಂತ ನೂರಕ್ಕೆ 6ರಷ್ಟು ಮಾತ್ರ ಏರಬಹುದು ಅಥವಾ ಇಳಿಯಬಹುದು. 11,000 ವೋಲ್ಟಿನ ಮಾರ್ಗದಲ್ಲಿ ಏರಿಕೆ 6, ಇಳಿತ 9. ಹಾಗಾದರೆ 230ಕ್ಕೆ ಸುಮಾರು 216ರಿಂದ 244ರ ವರೆಗೆ ಅವಕಾಶವಾಯಿತು. ಈ ಮಿತಿಯನ್ನು ವಿದ್ಯುದಾಗಾರದಲ್ಲಲ್ಲ, ಗ್ರಾಹಕನ ಬಾಗಿಲಲ್ಲಿ ಪರೀಕ್ಷಿಸಬೇಕೆಂಬುದು ಇಲ್ಲಿ ಮುಖ್ಯವಾದ ಅಂಶ.

ಇದಕ್ಕೆ ಕುಂದಾಪುರದ ಸೀಮೆಯು ಒಳ್ಳೆಯ ನಿದರ್ಶನ. 1956ರ ರಾಜ್ಯಪುನರ್ವಿಂಗಡಣೆಯ ವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದ ಈ ಸೀಮೆಯ ಹೊಸಂಗಡಿಯಲ್ಲಿ 1989ರಲ್ಲಿ ವಾರಾಹಿಯ ಭೂಗರ್ಭ ವಿದ್ಯುದಾಗಾರವು ಆರಂಭವಾಯಿತು. 2009ರ ವೇಳೆಗೆ ಅದರ ಸಾಮರ್ಥ್ಯ 460 ಮೆಗಾವ್ಯಾಟಿಗೇರಿತು. ಆ ವಾರಾಹಿಯೇ ಗಂಗೊಳ್ಳಿಯ ಬಳಿ ಕಡಲನ್ನು ಸೇರುವುದು. ನದಿಯು ಬಂದಂತೆ ಶಕ್ತಿಯೂ ನೇರವಾಗಿ ಗಂಗೊಳ್ಳಿಗೆ ಬರುವುದೆಂದು ಊಹಿಸುವುದು ಯುಕ್ತವಲ್ಲ. ಅದು ಮೊದಲು ನಾಡಿನ ಮಹಾಜಾಲವನ್ನು ಸೇರಿ, ಉಪಕೇಂದ್ರಗಳಲ್ಲಿ ಒತ್ತಡವಿಳಿದು, ಕಡೆಗೆ ಊರಿನ ಸರಿಗೆಗೆ ಬರುವುದು. ತ್ರಾಸಿಯಿಂದ ಬಂದ ದಾರಿಯು ಹೊಳೆಗೂ ಕಡಲಿಗೂ ನಡುವೆ ಮುಗಿಯುವ ಇಂತಹ ಊರಿನಲ್ಲಿ ಸರಿಗೆಯ ತುದಿಯೇ ನಿರ್ಣಾಯಕ. ಮೀನುಗಾರಿಕೆಯ ಬಂದರಿಗೆ ಮಂಜುಗಡ್ಡೆಯು ಜೀವಾಳ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ, ನೂರಕ್ಕೆ 10ರ ಇಳಿತದಲ್ಲಿ 19ರಷ್ಟು ಬಲವು ಹೋಗುವುದು. 20ರ ಇಳಿತದಲ್ಲಿ 36ರಷ್ಟು. ಮೋಟಾರು ಕಾಯ್ದು ನಿಂತರೆ ಹಿಡಿದ ಮೀನು ಕೆಡುವುದು.

ತುದಿಯ ಇಳಿತಕ್ಕಾಗಿ ಪರಿವರ್ತಕದಲ್ಲಿಯೇ ಒತ್ತಡವನ್ನು ಏರಿಸಿಟ್ಟರೆ ಸಾಲದೆ ಎಂದು ಕೇಳಬಹುದು. ಸಾಲದು, ನಡುರಾತ್ರಿ ಬಳಕೆ ತಗ್ಗಿದಾಗ ಮೊದಲ ಮನೆಯಲ್ಲಿ ಮೇಲಿನ ಎಲ್ಲೆಯು ಮೀರುವುದು. ಈಚೆಗೆ ಮಾಳಿಗೆಯ ಸೌರಫಲಕಗಳು ಮಧ್ಯಾಹ್ನ ಶಕ್ತಿಯನ್ನು ಹಿಂದಕ್ಕೆ ಕಳುಹಿಸಿ ತುದಿಯಲ್ಲಿಯೇ ಒತ್ತಡವನ್ನು ಏರಿಸಬಲ್ಲವು. ಆದಕಾರಣ ಮೊದಲ ಮನೆ, ಕಡೆಯ ಮನೆ, ಬಳಕೆಯ ಉಚ್ಛ್ರಾಯ, ಅದರ ಅವನತಿ, ಈ ನಾಲ್ಕನ್ನೂ ಅಳೆದಲ್ಲದೆ ವಿತರಣೆಯ ಗುಣವನ್ನು ನಿರ್ಣಯಿಸಲಾಗದು. ವಿದ್ಯುತ್ತಿನ ಚರಿತ್ರೆಯೂ ಜಲಪಾತದಲ್ಲಿ ತೊಡಗಿ ಕಡೆಯ ಕಂಬದ ವರೆಗೆ ನಡೆದಾಗಲೇ ಪೂರ್ಣವಾಗುವುದು.