ರಕ್ತಕಣಗಳ ಶೋಧದ ಇತಿಹಾಸ

ಬರಿಗಣ್ಣಿಗೆ ಒಂದೇ ಕೆಂಪು ದ್ರವವಾಗಿ ಕಾಣುವ ಮನುಷ್ಯನ ರಕ್ತದಲ್ಲಿ ಸುಮಾರು ಶೇ. 55 ಭಾಗ ತಿಳಿಹಳದಿ ಬಣ್ಣದ ಪ್ಲಾಸ್ಮಾ. ಉಳಿದದ್ದು ಕೆಂಪು ಕಣ, ಬಿಳಿ ಕಣ ಮತ್ತು ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು. ಈ ಮೂರನ್ನು ಬಿಡಿಬಿಡಿಯಾಗಿ ಗುರುತಿಸಲು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಳ್ಳೆಯ ಮಸೂರವೊಂದೇ ಸಾಕಾಗಲಿಲ್ಲ. ಹನಿ ರಕ್ತವನ್ನು ನೋಡುವ ಮುನ್ನ ಅಣಿಗೊಳಿಸುವ ಬಗೆಯೂ ಅಷ್ಟೇ ಮುಖ್ಯವಾಯಿತು.

ಕೆಂಪು ಕಣಗಳು: ಹಾಲೆಂಡಿನ ಯಾನ್ ಸ್ವಾಮರ್‌ಡಾಮ್ 1658ರಲ್ಲಿ ಕಪ್ಪೆಯ ರಕ್ತದಲ್ಲಿ ಈ ಕಣಗಳನ್ನು ಕಂಡ. ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1674ರಲ್ಲಿ ಮನುಷ್ಯನ ರಕ್ತಕಣಗಳನ್ನು ವರ್ಣಿಸಿದ. ಅವು ಗುಂಡಗಿವೆ ಎಂದು ಭಾವಿಸಿದ. ನೀರು ಬೆರೆತರೆ ಕಣಗಳು ಉಬ್ಬಿ ಗುಂಡಾಗುತ್ತವೆಂದು ತೋರಿಸಿದವನು ಇಂಗ್ಲೆಂಡಿನ ವಿಲಿಯಂ ಹ್ಯೂಸನ್. ರಕ್ತವನ್ನು ಸೀರಮ್‌ನಿಂದಲೇ ತೆಳುಗೊಳಿಸಿ ನೋಡಿದ ಆತ, ಅವು ಚಪ್ಪಟೆ ಎಂದು 1773ರಲ್ಲಿ ಪ್ರಕಟಿಸಿದ. ಕೆಂಪು ಕಣದ ವ್ಯಾಸ ಸುಮಾರು 7.5 ಮೈಕ್ರೋಮೀಟರ್; ನಡುವೆ ಎರಡೂ ಬದಿ ತಗ್ಗು. ಪ್ರೌಢ ಕಣದಲ್ಲಿ ಕೋಶಕೇಂದ್ರವಿಲ್ಲ. ಆಯುಸ್ಸು ಸುಮಾರು 120 ದಿನ. ಇವು ಹುಟ್ಟುವುದು ಅಸ್ಥಿಮಜ್ಜೆಯಲ್ಲಿ ಎಂದು 1868ರಲ್ಲಿ ಅರ್ನ್ಸ್ಟ್ ನಾಯ್ಮನ್ ಸಾರಿದ.

ಬಿಳಿ ಕಣಗಳು: ಬಣ್ಣವಿಲ್ಲದ, ಸಂಖ್ಯೆಯಲ್ಲೂ ತೀರ ಕಡಿಮೆಯಿರುವ ಈ ಕಣಗಳು ಸುಲಭವಾಗಿ ಕಣ್ತಪ್ಪುತ್ತಿದ್ದವು. 1843ರಲ್ಲಿ ಫ್ರಾನ್ಸಿನ ಆಂದ್ರಾಲ್, ಇಂಗ್ಲೆಂಡಿನ ಅಡಿಸನ್ ಇವಕ್ಕೂ ರೋಗಕ್ಕೂ ಇರುವ ನಂಟಿನತ್ತ ಗಮನ ಸೆಳೆದರು. ಆದರೆ ಒಳಭೇದಗಳನ್ನು ತೋರಿಸಿದ್ದು ಅನಿಲೀನ್ ಬಣ್ಣಗಳು. ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಸವರಿ, ಒಣಗಿಸಿ, ಬಣ್ಣ ಹಾಕಿದ ಜರ್ಮನಿಯ ಪಾಲ್ ಎರ್ಲಿಕ್, 1879ರಿಂದಾಚೆಗೆ ಯಾವ ಕಣ ಯಾವ ಬಣ್ಣ ಹೀರುತ್ತದೆ ಎಂಬುದರ ಮೇಲೆ ಅವನ್ನು ವಿಂಗಡಿಸಿದ. ಇಯೋಸಿನೋಫಿಲ್, ಬೇಸೋಫಿಲ್, ನ್ಯೂಟ್ರೋಫಿಲ್ ಎಂಬ ಹೆಸರುಗಳ ಮೂಲ ಇದೇ.

ಕಿರುಬಿಲ್ಲೆಗಳು: ಕೇವಲ 2–3 ಮೈಕ್ರೋಮೀಟರ್ ಅಗಲದ ಇವನ್ನು ಬಹುಕಾಲ ಒಡೆದ ಕಣಗಳ ಚೂರುಗಳೆಂದೇ ಬಗೆದಿದ್ದರು. ಇಟಲಿಯ ಜೂಲಿಯೊ ಬಿಜ್ಜೊಜೆರೊ ಜೀವಂತ ಪ್ರಾಣಿಯ ರಕ್ತನಾಳದಲ್ಲೇ ಇವು ಹರಿಯುವುದನ್ನೂ, ನಾಳಕ್ಕೆ ಗಾಯವಾದೆಡೆ ಬಂದು ಅಂಟಿಕೊಳ್ಳುವುದನ್ನೂ ಕಂಡು 1882ರಲ್ಲಿ ವಿವರಿಸಿದ. ಇವು ಮಜ್ಜೆಯ ದೈತ್ಯಕೋಶಗಳಿಂದ ಕಳಚಿದ ತುಣುಕುಗಳೆಂದು 1906ರಲ್ಲಿ ಅಮೆರಿಕದ ಜೇಮ್ಸ್ ಹೋಮರ್ ರೈಟ್ ತಿಳಿಸಿದ.

ವ್ಯಾಲೇಸ್ ಕೋಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ವಿಧಾನದಿಂದ ಕಣಗಳ ಎಣಿಕೆ ಯಂತ್ರದ ಪಾಲಾಯಿತು. ಆದರೂ ಯಂತ್ರದ ಲೆಕ್ಕದಲ್ಲಿ ಅನುಮಾನ ಬಂದಾಗ, ಪ್ರಯೋಗಾಲಯದವರು ಇಂದಿಗೂ ಗಾಜಿನ ಮೇಲೆ ಹನಿ ರಕ್ತ ಸವರಿ, ಲೀಷ್ಮನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.