ಸವೆದು ಕಾಯುವ ದಿಬ್ಬ: ಮರಳುದಿಬ್ಬಗಳ ತೀರರಕ್ಷಣೆ, ಡಚ್ ಅನುಭವ ಮತ್ತು ನಮ್ಮ ಕರಾವಳಿ

ಬಿರುಗಾಳಿಯ ಅಲೆ ಬುಡಕ್ಕೆ ಬಡಿದಾಗ ಮರಳುದಿಬ್ಬದ ಮೈ ಕುಸಿಯುತ್ತದೆ. ಕುಸಿದ ಮರಳನ್ನು ಹಿಂದೆ ಸರಿಯುವ ನೀರು ಎಳೆದೊಯ್ದು ದಡಕ್ಕೆ ಸಮೀಪದ ಆಳವಿಲ್ಲದ ನೀರಿನಲ್ಲಿ ಉದ್ದನೆಯ ದಿಂಡಾಗಿ ಹಾಸುತ್ತದೆ. ಬೆನ್ನಿಗೇ ಬರುವ ಅಲೆಗಳು ಆ ದಿಂಡಿನ ಮೇಲೆ ಮುರಿದು ಬಲ ಕಳೆದುಕೊಳ್ಳುತ್ತವೆ. ಕಡಲು ತಣ್ಣಗಾದ ತಿಂಗಳುಗಳಲ್ಲಿ ಅದೇ ಮರಳು ದಡಕ್ಕೆ ಬರುತ್ತದೆ. ಒಣಗಿದ ಮೇಲೆ ಗಾಳಿ ಅದನ್ನು ಹೊತ್ತೊಯ್ದು ಗಿಡಗಳ ಬುಡದಲ್ಲಿ ಕೂಡಿಡುತ್ತದೆ. ಹಾಗಾಗಿ ದಿಬ್ಬ ಸವೆಯುವುದನ್ನು ರಕ್ಷಣೆಯ ಸೋಲೆಂದು ಎಣಿಸುವುದು ತಪ್ಪು. ಮರಳಿನ ಪೂರೈಕೆ ಮತ್ತು ಸವೆದು ಬೆಳೆಯಲು ಜಾಗ, ಇವೆರಡು ಇರುವವರೆಗೆ ದಿಬ್ಬ ಕಾಯುತ್ತದೆ ಎಂಬುದು ಈ ಲೇಖನದ ವಾದ.

1953ರ ಪ್ರವಾಹದಲ್ಲಿ 1,836 ಜನರನ್ನು ಕಳೆದುಕೊಂಡ ನೆದರ್‌ಲ್ಯಾಂಡ್ಸ್ ಮೊದಲು ಮೊರೆಹೋದದ್ದು ಅಣೆಕಟ್ಟು, ಒಡ್ಡುಗಳಿಗೆ. ಆದರೆ ಆ ದೇಶದ ಕಡಲತೀರದ ಬಹುಭಾಗವನ್ನು ಕಾಯುತ್ತಿರುವುದು ದಿಬ್ಬಗಳೇ. 1990ರಲ್ಲಿ ಸರ್ಕಾರ ಆಗಿನ ತೀರರೇಖೆಯನ್ನು ಮರಳು ತುಂಬಿ ಉಳಿಸಿಕೊಳ್ಳುವ ನೀತಿಗೆ ಬಂತು. 2001ರಿಂದ ವರ್ಷಕ್ಕೆ ಸುಮಾರು 1.2 ಕೋಟಿ ಘನಮೀಟರ್ ಮರಳು ಇದಕ್ಕೆ ಮೀಸಲಾಯಿತು. 2011ರಲ್ಲಿ ದಿ ಹೇಗ್ ನಗರದ ದಕ್ಷಿಣಕ್ಕೆ ಸುಮಾರು 2.15 ಕೋಟಿ ಘನಮೀಟರ್ ಮರಳನ್ನು ಒಂದೇ ಕಡೆ ಸುರಿದು, ಹಂಚುವ ಕೆಲಸವನ್ನು ಅಲೆ–ಗಾಳಿಗಳಿಗೆ ಬಿಡಲಾಯಿತು. ಇದಕ್ಕಿಂತಲೂ ಪೆಟ್ಟನ್ ಊರಿನ ಉದಾಹರಣೆ ನನಗೆ ಮುಖ್ಯವೆನಿಸುತ್ತದೆ. ಅಲ್ಲಿನ ಹಳೆಯ ಕಡಲೊಡ್ಡು ಹೊಸ ಸುರಕ್ಷತಾ ಮಾನದಂಡಕ್ಕೆ ಸಾಲದು ಎಂದಾದಾಗ ಅದನ್ನು ಎತ್ತರಿಸಲಿಲ್ಲ. 2015ರ ಹೊತ್ತಿಗೆ ಅದರ ಮುಂದೆ ಕೋಟಿಗಟ್ಟಲೆ ಘನಮೀಟರ್ ಮರಳು ಹಾಕಿ ದಂಡೆಯನ್ನೂ ದಿಬ್ಬವನ್ನೂ ಕಟ್ಟಿದರು. ಒಡ್ಡು ಕಟ್ಟುವುದರಲ್ಲಿ ಪಳಗಿದವರೇ ಒಡ್ಡಿನ ಮುಂದೆ ದಿಬ್ಬ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಹಾಗೆಂದು ಇದು ಹಾನಿಯಿಲ್ಲದ ಉಪಾಯವೇನಲ್ಲ: ಮರಳು ತೆಗೆದಲ್ಲಿಯೂ ಸುರಿದಲ್ಲಿಯೂ ಕಡಲತಳದ ಜೀವಿಗಳು ನಾಶವಾಗುತ್ತವೆ.

ಡಚ್ ದಿಬ್ಬಗಳಲ್ಲಿ ಮರಳು ಹಿಡಿಯುವುದು ಮ್ಯಾರಮ್ ಹುಲ್ಲು. ಒಣಹವೆಯಲ್ಲಿ ಅದರ ಎಲೆ ಒಳಮುಖವಾಗಿ ಸುರುಳಿಗೊಂಡು ತೇವ ಉಳಿಸಿಕೊಳ್ಳುತ್ತದೆ. ಹೂತುಹೋದಷ್ಟೂ ಅದು ಮೇಲೇಳುತ್ತದೆ, ಹೊಸ ಮರಳು ಬೀಳುವುದು ನಿಂತರೆ ಸೊರಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಕೆಲಸ ಬಂಗಡೆ ಬಳ್ಳಿಯದು ಮತ್ತು ರಾವಣನ ಮೀಸೆಯದು. ಬಂಗಡೆ ಬಳ್ಳಿ ಗೆಣ್ಣುಗೆಣ್ಣಿಗೂ ಬೇರುಬಿಟ್ಟು ಹರಡುತ್ತದೆ. ರಾವಣನ ಮೀಸೆಯ ಮುಳ್ಳುಚೆಂಡಿನಂಥ ತೆನೆ ಗಾಳಿಗೆ ಉರುಳುತ್ತ ಬೀಜ ಒಯ್ಯುತ್ತದೆ. ದಂಡೆ ‘ಸ್ವಚ್ಛ’ಗೊಳಿಸುವಾಗ ಇವನ್ನೇ ಮೊದಲು ಕಿತ್ತೆಸೆಯುವುದು ನೋವಿನ ಸಂಗತಿ. ದಿಬ್ಬವನ್ನೇ ತೆಗೆದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: ಶ್ರೀಲಂಕಾದ ಯಾಲದಲ್ಲಿ ಕಡಲಿನ ನೋಟಕ್ಕಾಗಿ ಮುಂದಿನ ದಿಬ್ಬದ ಭಾಗವನ್ನು ತೆಗೆಸಿದ್ದ ಹೋಟೆಲು 2004ರ ಸುನಾಮಿಯಲ್ಲಿ ಪೂರ್ತಿ ನಾಶವಾಯಿತು. ದಿಬ್ಬ ಉಳಿದಿದ್ದ ಅಕ್ಕಪಕ್ಕದಲ್ಲಿ ಹಾನಿ ಕಡಿಮೆ.

ಕರ್ನಾಟಕದಲ್ಲಿ ಕಡಲ್ಕೊರೆತಕ್ಕೆ ರೂಢಿಯ ಉತ್ತರ ಕಲ್ಲಿನ ತಡೆಗೋಡೆ. ಅಲೆ ಗೋಡೆಗೆ ಬಡಿದು ಬುಡದ ಮರಳನ್ನು ಕೆದಕುತ್ತದೆ, ಗೋಡೆ ಮುಗಿದಲ್ಲಿ ಪಕ್ಕದ ದಂಡೆಯನ್ನು ಕೊರೆಯುತ್ತದೆ. ಕಡಲಿಗೂ ಸೌಪರ್ಣಿಕಾ ನದಿಗೂ ನಡುವೆ ಹೆದ್ದಾರಿ ಹಾದುಹೋಗುವ ಮರವಂತೆಯಲ್ಲಿ ದಿಬ್ಬಕ್ಕೆ ಜಾಗವೇ ಇಲ್ಲ. ಅಲ್ಲಿ ಕಲ್ಲು ಅನಿವಾರ್ಯ ಎಂದು ಒಪ್ಪುತ್ತೇನೆ. ಜಾಗವಿರುವಲ್ಲಿ ಅದೇ ಮದ್ದು ಸಲ್ಲದು. ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳು ಮರಳುದಿಬ್ಬಗಳನ್ನು ಅತ್ಯಂತ ಸೂಕ್ಷ್ಮ ವರ್ಗಕ್ಕೆ ಸೇರಿಸಿವೆ. ಆ ರಕ್ಷಣೆಗೆ ಅರ್ಥ ಬರಬೇಕಾದರೆ ದಂಡೆಯ ಅಳತೆ ಮಳೆಗಾಲಕ್ಕೆ ಮುನ್ನವೂ ನಂತರವೂ ಆಗಬೇಕು. ಜುಲೈಯಲ್ಲಿ ಸವೆದ ದಂಡೆಯನ್ನಷ್ಟೇ ನೋಡಿ ಕಲ್ಲಿಗೆ ಅಂದಾಜುಪಟ್ಟಿ ಬರೆದರೆ, ಚಳಿಗಾಲದಲ್ಲಿ ಕಡಲು ತಂದುಹಾಕುವ ಮರಳು ಲೆಕ್ಕಕ್ಕೇ ಬರುವುದಿಲ್ಲ.