ಮೊದಲನೆಯ ಮಹಾಯುದ್ಧವೂ ಕನ್ನಡನಾಡೂ



1914ನೆಯ ಜೂನ್ 28ರಂದು ಸರಯೇವೋ ನಗರದಲ್ಲಿ ಆಸ್ಟ್ರಿಯದ ಯುವರಾಜನು ಗುಂಡಿಗೆ ಬಲಿಯಾದನು. ವಾರಗಳೊಳಗೆ ಯೂರೋಪಿನ ಪ್ರಬಲ ರಾಜ್ಯಗಳಲ್ಲಿ ಹೆಚ್ಚಿನವು ಆಯುಧವನ್ನೆತ್ತಿದುವು. ಆಗಸ್ಟ್ 4ರಂದು ಬ್ರಿಟನ್ನು ಯುದ್ಧಕ್ಕಿಳಿಯಲು, ಭಾರತವೂ ಇಳಿದಂತಾಯಿತು. ಇಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ನಮ್ಮವರು 10 ಲಕ್ಷಕ್ಕೂ ಮಿಕ್ಕು ಮಂದಿ ಸಮುದ್ರವನ್ನು ದಾಟಿದರು. 70,000ಕ್ಕೂ ಹೆಚ್ಚು ಮಂದಿ ಮಡಿದರು.

ಆಗ ಕನ್ನಡನಾಡು ಹರಿದು ಹಂಚಿಹೋಗಿದ್ದಿತು. ಮೈಸೂರು ಅರಸರದು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿದ್ದುವು. ಮೈಸೂರಿನ ಮಾತು ಎಲ್ಲರೂ ಬಲ್ಲದ್ದೇ. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧವೆಚ್ಚಕ್ಕೆ 50 ಲಕ್ಷ ರೂಪಾಯಿಗಳನ್ನಿತ್ತರು. ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಈಜಿಪ್ಟಿಗೆ ತೆರಳಿ ಸುಯೆಜ್ ಕಾಲುವೆಯನ್ನು ಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮುಂದೆ, ಯಂತ್ರದ ಬಂದೂಕುಗಳಿಗೆ ಎದುರಾಗಿ, ಜೋಧಪುರದ ರಾವುತರು ಈಟಿ ಹಿಡಿದು ನುಗ್ಗಿದರು. ಮೈಸೂರಿನವರು ಕಾರ್ಮೆಲ್ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಬಿದ್ದರು. ಆ ದಿನ 1,350 ಮಂದಿ ಸೆರೆಸಿಕ್ಕರು. ನಮ್ಮ ಕಡೆ ಮಡಿದವರು 8 ಮಂದಿ. ಸತ್ತ ಕುದುರೆಗಳು 60. ಪಾಪ, ಕುದುರೆಗಳನ್ನು ಕೇಳಿದವರಂತೂ ಮೊದಲೇ ಇಲ್ಲ. ಬೆಂಗಳೂರಿನಲ್ಲಿ ಆ ದಳದ ಸ್ಮಾರಕಸ್ತಂಭವಿದೆ.

ಆದರೆ ಯುದ್ಧವು ಬಂದ ದಾರಿ ಇನ್ನೊಂದಿದೆ; ನಾವು ಇಂದು ಹೇಳಬಯಸುವುದು ಅದನ್ನೇ. ಅದೇ ವರ್ಷದ ಜೂನ್ ತಿಂಗಳಲ್ಲಿ, ದಂಡಿನ ಹಡಗುಗಳು ಬಂದು ಹೋಗುತ್ತಿದ್ದ ಮುಂಬಯಿಯ ಬಂದರಿನಲ್ಲಿ, ಕಾವಲಿದ್ದ 7 ಮಂದಿ ಪೊಲೀಸರು ಜ್ವರದಿಂದ ಮಲಗಿದರು. ಇನ್‌ಫ್ಲುಯೆಂಜಾ ಎಂಬ ಹೆಸರು ಆಗ ಎಷ್ಟು ಜನಕ್ಕೆ ಗೊತ್ತಿದ್ದಿತು! ಸೆಪ್ಟೆಂಬರಿನಲ್ಲಿ ಅದು ಎರಡನೆಯ ಸಲ ಉಗ್ರವಾಗಿ ಎದ್ದಿತು. ಹೈಫಾದ ಗೆಲವಿಗೆ ಎರಡು ವಾರ ತುಂಬುವ ಮೊದಲೇ, ಅಕ್ಟೋಬರ್ 6ರಂದು, ಮುಂಬಯಿ ನಗರವೊಂದರಲ್ಲೇ 768 ಮಂದಿ ಸತ್ತರು. ಬೇನೆಯು ರೈಲಿನ ಹಳಿಗಳನ್ನು ಹಿಡಿದು ಒಳನಾಡಿಗೆ ಇಳಿಯಿತು. ಸೊಲ್ಲಾಪುರದ ಬಳಿಯ ಹೋಟಗಿಯಿಂದ ಗದಗಿಗೆ ಹೋಗುವ ಹಳಿಯು ಇಂಡಿ ರೋಡ್, ವಿಜಾಪುರಗಳನ್ನು ಹಾಯ್ದೇ ಹೋಗುತ್ತದೆ. ಆ ಸಲ ಮುಂಗಾರು ಕೈಕೊಟ್ಟಿದ್ದಿತು, ಕಾಳಿನ ಬೆಲೆ ಏರಿದ್ದಿತು. ಕರಿನೆಲದಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ದಿನಗಳಲ್ಲಿಯೇ ಜ್ವರವು ಹಬ್ಬಿದ್ದು. ಅದಕ್ಕೆ ಹೆಚ್ಚಾಗಿ ಬಲಿಯಾದವರು ಇಪ್ಪತ್ತರಿಂದ ನಲವತ್ತರೊಳಗಿನವರು, ಎಂದರೆ ಕೂರಿಗೆ ಹಿಡಿಯತಕ್ಕ ವಯಸ್ಸಿನವರು.

ಮುಂಬಯಿ ಇಲಾಖೆಯಲ್ಲಿ ಸತ್ತವರು ಸುಮಾರು 10 ಲಕ್ಷ. ಮೈಸೂರು ಸೀಮೆಯೂ ಉಳಿಯಲಿಲ್ಲ. ದೇಶದಲ್ಲೆಲ್ಲ ಸತ್ತವರು, ಕಡಮೆಯ ಅಂದಾಜಿನಲ್ಲಿಯೂ, 1 ಕೋಟಿಗೆ ಮೇಲೆ. ನಾಲ್ಕು ವರ್ಷ ನಾನಾ ರಣರಂಗಗಳಲ್ಲಿ ಮಡಿದ ಭಾರತೀಯರಿಗಿಂತ ನೂರು ಪಾಲಿಗೂ ಅಧಿಕ. ಇಪ್ಪತ್ತನೆಯ ಶತಮಾನದ ಜನಗಣತಿಗಳಲ್ಲಿ ಭಾರತದ ಜನಸಂಖ್ಯೆ ಇಳಿದುದು 1921ರಲ್ಲಿ ಮಾತ್ರ. ನವೆಂಬರ್ 11ರಂದು ಯೂರೋಪಿನ ಫಿರಂಗಿಗಳು ಮೌನವಾದಾಗಲೂ ಜ್ವರವು ಇನ್ನೂ ಊರೂರು ಸುತ್ತುತ್ತಿದ್ದಿತು.